ಶಟ್‌ಡೌನ್ ದಿನ ಬಂದ ನಮ್ಮೋರು

ತಮಿಳು ಸೀಮೆಯ ಸೋಮನೂರಿನ ತಿರುಮಲೈಸಾಮಿಗೆ ನಲವತ್ತೆಂಟು ತುಂಬಿತ್ತು. ಈ ನಲವತ್ತೆಂಟು ವರ್ಷಗಳಲ್ಲಿ ಅವನು ಯಾರಿಗೂ ಒಂದು ಸಲವೂ ‘ಆಗೋದಿಲ್ಲ’ ಎಂದವನಲ್ಲ. ಅದೇನೋ ದೊಡ್ಡ ಗುಣ ಎಂದು ತಿಳಿಯಬೇಡಿ, ಅದೊಂದು ಕಾಯಿಲೆ. ಯಾರಾದರೂ ಎದುರಿಗೆ ನಿಂತು ಏನಾದರೂ ಕೇಳಿದರೆ ಸಾಕು, ಅವನ ತಲೆ ತನ್ನಷ್ಟಕ್ಕೆ ತಾನೇ ಮೇಲೆ ಕೆಳಗೆ ಆಡುತ್ತಿತ್ತು. ಹಾಗೆ ತಲೆಯಾಡಿಸಿದ್ದರ ಫಲವಾಗಿ ಮನೆಯಲ್ಲಿ ನೀರು ಶುದ್ಧ ಮಾಡುವ ಯಂತ್ರಗಳು ಮೂರು, ಬೊಜ್ಜು ಕರಗಿಸುವ ಬೆಲ್ಟು ಒಂದು ಬಂದು ಕೂತಿದ್ದವು. ಬೊಜ್ಜಿನ ಮಾತು ಬಿಡಿ, ಅವನ ಮೈಮೇಲೆ ಅಂಗಿ ನಿಲ್ಲುವುದೇ ಕಷ್ಟವಾಗಿತ್ತು.

ಇಂಥವನು ಬೀದಿಗೆಲ್ಲ ಕಾವಲಿನ ಮುಖ್ಯಸ್ಥನಾದದ್ದು ಫ್ಯಾನಿನ ದೆಸೆಯಿಂದ. ‘ಅಪರಿಚಿತರು ಬಂದರೆ ಎಚ್ಚರಿಕೆ’ ಎಂದು ಪೊಲೀಸಿನವರು ಕಲ್ಯಾಣ ಮಂಟಪದಲ್ಲಿ ಸಭೆ ಇಟ್ಟಿದ್ದರು. ಸೆಕೆಯ ದಿನ. ಫ್ಯಾನು ಇದ್ದದ್ದು ಮೊದಲನೇ ಸಾಲಿಗೆ ಮಾತ್ರ. ತಿರುಮಲೈಸಾಮಿ ಅಲ್ಲಿ ಹೋಗಿ ಕೂತ. ಸಬ್ ಇನ್ಸ್‌ಪೆಕ್ಟರ್ ಶಕ್ತಿವೇಲ್ ಅವನನ್ನೇ ವೇದಿಕೆಗೆ ಕರೆದರು. ಒಬ್ಬ ಕಾನ್ಸ್‌ಟೇಬಲ್ ಮೋಸಗಾರನ ವೇಷದಲ್ಲಿ ಬರುವುದು, ಇವನು ಮನೆಯ ಯಜಮಾನನಾಗಿ ಅವನನ್ನು ಗದರಿಸಿ ಕಳಿಸುವುದು, ಇಷ್ಟೇ ನಾಟಕ. ಕಾನ್ಸ್‌ಟೇಬಲ್ ಬಂದ. “ಅಣ್ಣಾ, ನಿಮ್ಮ ವಾಚು ಸ್ವಲ್ಪ ಕೊಡಿ” ಎಂದ. ತಿರುಮಲೈಸಾಮಿ ಕೊಟ್ಟ. “ಫೋನು?” ಕೊಟ್ಟ. “ಮನೆ ಬೀಗದ ಕೈ?” ಅದನ್ನೂ ಕೊಟ್ಟು, “ಹಿಂದಿನ ಬಾಗಿಲು ಬಿಗಿ, ಜೋರಾಗಿ ತಳ್ಳಬೇಕು” ಎಂದು ದಾರಿಯನ್ನೂ ಹೇಳಿಕೊಟ್ಟ.

ಮಂಟಪ ಬಿದ್ದು ಬಿದ್ದು ನಕ್ಕಿತು. ಶಕ್ತಿವೇಲ್ ನಗಲಿಲ್ಲ. ತಮಿಳಿನಲ್ಲಿ ಗಂಭೀರವಾಗಿ ಹೇಳಿದರು: “ಈ ಬೀದಿಯ ಎಚ್ಚರಿಕೆ ಕೆಲಸ ಇವರಿಗೇ ಕೊಡಿ. ಇವರು ಕಲಿತರೆ ಊರೇ ಕಲಿತ ಹಾಗೆ.” ಕೊರಳಿಗೆ ಒಂದು ಕಾರ್ಡು ಬಂತು, ಜೇಬಿಗೆ ಒಂದು ಸೀಟಿ ಬಂತು. ಬಾಯಿಪಾಠ ಮಾಡಲು ಮೂರು ಪ್ರಶ್ನೆಗಳು ಬಂದವು: ಯಾರು ನೀವು? ಎಲ್ಲಿಂದ ಬಂದಿರಿ? ಯಾಕೆ ಬಂದಿರಿ? ಕಣ್ಣಲ್ಲಿ ಕಣ್ಣಿಟ್ಟು ಈ ಮೂರನ್ನು ಕೇಳಬೇಕು, ಸರಿಯಾದ ಉತ್ತರ ಬರದಿದ್ದರೆ ಗಟ್ಟಿಯಾಗಿ ‘ಆಗೋದಿಲ್ಲ’ ಎನ್ನಬೇಕು.

ಕೊರಳಿಗೆ ಕಾರ್ಡು ಬಿದ್ದ ಮೇಲೆ ಮನುಷ್ಯ ಮೊದಲಿನಂತೆ ನಡೆಯುವುದಿಲ್ಲ. ಹನ್ನೆರಡು ವರ್ಷದಿಂದ ಗ್ಯಾಸ್ ಸಿಲಿಂಡರ್ ತರುತ್ತಿದ್ದವನನ್ನು ತಿರುಮಲೈಸಾಮಿ “ಯಾರು ನೀವು?” ಎಂದು ಕೇಳಿದ. ಅವನು ಸಿಲಿಂಡರನ್ನು ಹೆಗಲ ಮೇಲಿಟ್ಟುಕೊಂಡೇ ಹತ್ತು ನಿಮಿಷ ಉತ್ತರ ಕೊಟ್ಟ. ಆದರೆ ಆಗಬಾರದ್ದು ಆದದ್ದು ಮಂಗಳವಾರ ಸಂಜೆ. ಪೊಳ್ಳಾಚಿಯಿಂದ ಹೆಂಡತಿಯ ಅಣ್ಣ ಚೆನ್ನಕೇಶವನ್ ಬಂದ. ತೆಂಗಿನ ತೋಟದ ಆಸಾಮಿ. ಎರಡು ಕೈಯಲ್ಲಿ ಬೆಲ್ಲದ ಚೀಲ, ಮುಖಕ್ಕೆ ಧೂಳಿಗೆಂದು ಮಾಸ್ಕು. ತಿರುಮಲೈಸಾಮಿ ಗೇಟಿನ ಒಳಗಿಂದಲೇ ಕೇಳಿದ:

“ಯಾರು ನೀವು?”

“ಏನ್ ಮಾಪ್ಪಿಳ್ಳೆ, ತಂಗಿ ಗಂಡನ ತಮಾಷೆನಾ ಇದು?”

“ಎಲ್ಲಿಂದ ಬಂದಿರಿ? ಆಧಾರ್ ಐತಾ?”

ಭಾವಮೈದುನ ನಗುತ್ತಾ ಮಾಸ್ಕು ತೆಗೆದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಬೀದಿಯವರು ನೋಡುತ್ತಿದ್ದರಲ್ಲ, ನಿಲ್ಲಿಸುವುದು ಹೇಗೆ? ಮುಖ್ಯಸ್ಥ ಎಂದ ಮೇಲೆ ನಂಟಸ್ತನ ನೋಡುವಂತಿಲ್ಲ ಎಂದು ಮೂರನೇ ಪ್ರಶ್ನೆಯನ್ನೂ ಕೇಳಿದ: “ಯಾಕೆ ಬಂದಿರಿ?” ಚೆನ್ನಕೇಶವನ್ ಅದಕ್ಕೆ ಬಾಯಲ್ಲಿ ಉತ್ತರ ಕೊಡಲಿಲ್ಲ. ಎಡಗಾಲಿನಿಂದ ಗೇಟಿಗೊಂದು ಒದ್ದು, ಬೆಲ್ಲದ ಸಮೇತ ಬಸ್ ಸ್ಟ್ಯಾಂಡಿನ ಕಡೆ ದಾಪುಗಾಲು ಹಾಕಿದ.

ಹೆಂಡತಿ ಕಲೈಸೆಲ್ವಿ ಆ ರಾತ್ರಿ ಅವನಿಗೆ ಅನ್ನ ಬಡಿಸುವಾಗ ತಟ್ಟೆಯ ಸದ್ದಿನಲ್ಲೇ ಎಲ್ಲವನ್ನೂ ಹೇಳಿದಳು. ಕೊನೆಗೆ ಬಾಯಿಂದಲೂ ಹೇಳಿದಳು: “ನೋಡುಂಗೊ, ಇನ್ಮೇಲೆ ನಮ್ಮೋರು ಯಾರ್ ಬಂದ್ರೂ ನಿಮ್ ಬಾಯಿ ತೆಗಿಬೇಡಿ. ನಮ್ ಮಾತು ಆಡೋರು ಅಂದ್ರೆ ನಮ್ಮೋರು. ಅವರ್ನ ಕೇಳಂಗಿಲ್ಲ. ಸೀಟಿ ಊದಿದ್ರೆ ಸೀಟಿ ಬಾವಿಗೆ ಹೋಗ್ತದೆ.”

ತಿರುಮಲೈಸಾಮಿಯ ತಲೆ ಮೇಲೆ ಕೆಳಗೆ ಆಡಿತು.

ಇಲ್ಲಿ ಆ ಬೀದಿಯ ಮಾತಿನ ರೀತಿಯನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅದು ನೇಕಾರರ ಬೀದಿ. ಮನೆಗೊಂದು ಶೆಡ್ಡು, ಶೆಡ್ಡಿನಲ್ಲಿ ನಾಲ್ಕೋ ಆರೋ ವಿದ್ಯುತ್ ಮಗ್ಗ. ಬೆಳಗಾಗುವ ಮುಂಚೆ ಶುರುವಾದ ಖಟಕ್ ಖಟಕ್ ಮಲಗುವ ತನಕ ನಿಲ್ಲದು. ಆ ಸದ್ದಿನಲ್ಲಿ ಬಾಳಿದವರ ಕಿವಿ ಅರ್ಧ ಹೋಗಿರುತ್ತದೆ. ಆದ್ದರಿಂದ ಸದ್ದಿಲ್ಲದಾಗಲೂ ಅವರ ಗುಟ್ಟಿನ ಮಾತು ಮೂರನೇ ಮನೆಗೆ ಕೇಳಿಸುತ್ತದೆ. ಅದಕ್ಕವರು ಹೆದರುವವರೂ ಅಲ್ಲ. ಹೊರಗೆಲ್ಲ ತಮಿಳು, ಒಳಗೆ ಆ ಸೀಮೆಯ ಮರ್ಯಾದೆಯ ‘ಉಂಗೊ’ ಬೆರೆತ ಕನ್ನಡ. ತಲೆಮಾರುಗಳಿಂದ ಅವರ ನಂಬಿಕೆ ಒಂದೇ: ಕನ್ನಡದಲ್ಲಿ ಆಡಿದರೆ ಬೀದಿಯಲ್ಲಿ ಹೋಗುವ ಯಾವನಿಗೂ ತಿಳಿಯುವುದಿಲ್ಲ, ಆದ್ದರಿಂದ ಎಷ್ಟು ಬೇಕಾದರೂ ಕೂಗಬಹುದು.

ಮಗ್ಗ ಓಡುವಾಗ ಮಾತ್ರ ಕೂಗಿದರೂ ಕೇಳಿಸದು. ಆಗ ಕೈಯೇ ಬಾಯಿ. ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರೆ ‘ಎಳೆ ಕಡಿದಿದೆ, ಮಗ್ಗ ನಿಲ್ಲಿಸು’. ಹೆಬ್ಬೆರಳು ತೋರುಬೆರಳು ಉಜ್ಜಿ ಊದಿದರೆ ‘ನೂಲು ಕಳಪೆ, ನಂಬಬೇಡ’. ಎರಡು ಮುಷ್ಟಿ ಸೇರಿಸಿ ತಿರುಗಿಸಿದರೆ ‘ಗಂಟು ಹಾಕಿಕೊಂಡು ಮತ್ತೆ ಬರ್ತೀನಿ’. ತಿರುಮಲೈಸಾಮಿ, ಕಲೈಸೆಲ್ವಿ ಇಬ್ಬರೂ ಇಪ್ಪತ್ತೆರಡು ವರ್ಷದ ಸಂಸಾರದ ಜಗಳದಲ್ಲಿ ಮುಕ್ಕಾಲು ಪಾಲನ್ನು ಕೈಯಲ್ಲೇ ಆಡಿ ಮುಗಿಸಿದ್ದರು.

ಮಾರನೆಯ ದಿನ ಬುಧವಾರ, ತಿಂಗಳಿಗೊಮ್ಮೆ ಬರುವ ಶಟ್‌ಡೌನ್. ಲೈನ್ ರಿಪೇರಿಗೆಂದು ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಕರೆಂಟು ಇಲ್ಲ. ಒಂಬತ್ತಕ್ಕೆ ಸರಿಯಾಗಿ ಇಡೀ ಊರಿನ ಮಗ್ಗಗಳು ಒಂದೇ ಏಟಿಗೆ ನಿಂತವು. ಆ ನಿಶ್ಶಬ್ದವಿದೆಯಲ್ಲ, ಅದಕ್ಕೆ ಆ ಬೀದಿಯವರು ಹೆದರುವಷ್ಟು ಬೇರೆ ಯಾವುದಕ್ಕೂ ಹೆದರುವುದಿಲ್ಲ. ಶೀಟಿನ ಮಾಡಿನ ಮೇಲೆ ಕಾಗೆ ಕಾಲೂರಿದ್ದು ಕೇಳುತ್ತದೆ. ತನ್ನ ಉಸಿರು ತನಗೇ ಕೇಳುತ್ತದೆ. ಯಾರೋ ಬೆನ್ನ ಹಿಂದೆ ನಿಂತ ಹಾಗಿರುತ್ತದೆ, ತಿರುಗಿ ನೋಡಿದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸು ನೂಲು ಮಾತ್ರ ಬೆಳ್ಳಗೆ ಅಲುಗದೆ ನಿಂತಿರುತ್ತದೆ.

ತಿರುಮಲೈಸಾಮಿ ಗೇಟಿನ ಹತ್ತಿರ ನಿಂತು ಬೀದಿಯ ಉದ್ದಕ್ಕೂ ಕಣ್ಣಾಡಿಸಿದ. ಎದುರಿನ ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಅರಿಶಿನದ ಬಣ್ಣದ ಸೀರೆ, ಎಣ್ಣೆ ಹಾಕಿ ಬಾಚಿದ ಬಿಳಿ ಕೂದಲು. ಕೈಯಲ್ಲಿ ಚೀಲವಿಲ್ಲ, ಚೊಂಬಿಲ್ಲ. ಬೀದಿಯ ನಾಯಿ ಅವಳ ಕಾಲ ಬಳಿ ಮಲಗಿತ್ತು, ಬೊಗಳಿರಲಿಲ್ಲ. ಪಾಪ, ಬಿಸಿಲಿಗೆ ನೆರಳು ಹುಡುಕಿ ಕೂತಿದ್ದಾಳೆ ಎಂದುಕೊಂಡು ಅವನು ಒಳಗೆ ಬಂದ. ಪೊಲೀಸಿನವರು ತೋರಿಸಿದ ಚಿತ್ರಗಳಲ್ಲಿ ಮೋಸಗಾರರಿಗೆಲ್ಲ ಮೀಸೆ ಇತ್ತು.

ಒಳಗೆ ಸೋದರತ್ತೆ ಕಮಲಾತಾಳ್ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಎಂಬತ್ತೊಂದು ವರ್ಷ, ಕಿವಿ ಪೂರ್ತಿ ಹೋಗಿದೆ, ಗಂಟಲು ಪೂರ್ತಿ ಉಳಿದಿದೆ. ಮಗ್ಗ ನಿಂತ ದಿನವೇ ಅವಳಿಗೆ ಮಾತಿನ ಹಬ್ಬ.

“ತಿರುಮಾ! ಇವತ್ತು ನಿಮ್ಮಪ್ಪ ಸತ್ತ ತಿಥಿ ಕಣೋ!” ಎಂದು ಕೂಗಿದಳು. “ಸಾಯೋವಾಗ ತಿರುಮಾ ತಿರುಮಾ ಅಂತ ನೀರು ಕೇಳ್ದ! ನೀನು ಮಗ್ಗದ ತಾವ ಇದ್ದೆ, ನಿಂಗೆ ಕೇಳ್ಸಲೇ ಇಲ್ಲ!”

ವರ್ಷಕ್ಕೊಮ್ಮೆ ಅವಳು ಇದನ್ನು ಹೇಳುತ್ತಿದ್ದಳು, ವರ್ಷಕ್ಕೊಮ್ಮೆ ತಿರುಮಲೈಸಾಮಿ ಎದ್ದು ಅಪ್ಪನ ಫೋಟೋದ ಮುಂದೆ ಒಂದು ಲೋಟ ನೀರು ಇಡುತ್ತಿದ್ದ. ಈಗಲೂ ಇಟ್ಟ.

“ಏ ಸೆಲ್ವಿ! ನಿಮ್ಮಣ್ಣ ಚೆನ್ನಕೇಶವ ಪೊಳ್ಳಾಚಿಯಿಂದ ನಿನ್ನೆ ಬರ್ತೀನಿ ಅಂದಿದ್ನಲ್ಲ, ಯಾಕ್ ಬರ್ಲಿಲ್ಲ?”

ಗಂಡ ಅವನನ್ನು ಗೇಟಿನಿಂದ ಓಡಿಸಿದ ಎಂದು ಹೇಳುವುದು ಹೇಗೆ? ಕಲೈಸೆಲ್ವಿ ಅಡುಗೆಮನೆಯಿಂದ ಬಾಯಿಗೆ ಬಂದದ್ದನ್ನು ಕೂಗಿದಳು: “ತೆಂಗಿನ ಮರದಿಂದ ಬಿದ್ದವ್ನೆ ಅತ್ತೆ! ಕಾಲು ಮುರಿದೈತೆ!”

“ಯಾವ ಕಾಲು?”

“ಎಡಗಾಲು!”

“ಆಂ?”

“ಎಡ! ಗಾಲು!”

“ಅಯ್ಯೋ ಪಾಪ! ಅಮ್ಮನ ಅಲಗಿಗೆ ಕೈ ಮುಗಿದ್ಯಾ? ಪೆಟ್ಟಿಗೆ ಎಲ್ಲಿಟ್ಟೆ?”

“ಅಟ್ಟದ ಮೇಲೆ ಅತ್ತೆ, ಅಕ್ಕಿ ಡ್ರಮ್ಮಿನ ಹಿಂದೆ!”

“ಮೆತ್ತಗೆ ಹೇಳೇ, ಯಾರಾದ್ರೂ ಕೇಳ್ಸ್ಕೊಂಡಾರು!” ಎಂದು ಕಮಲಾತಾಳ್ ಬೀದಿಯ ತುದಿಗೆ ಮುಟ್ಟುವಂತೆ ಕಿರುಚಿದಳು.

“ಕೇಳ್ಸ್ಕೊಳ್ಳಲಿ ಬಿಡಿ! ನಮ್ ಮಾತು ಯಾರಿಗ್ ಗೊತ್ತು!”

ಅಲಗು ಎಂದರೆ ಕುಲದೇವತೆ ಚೌಡಮ್ಮನ ಕತ್ತಿ. ಬೆಳ್ಳಿಯ ಹಿಡಿ, ಮೊಳದುದ್ದದ ಉಕ್ಕಿನ ಅಲಗು, ಎಷ್ಟು ತಲೆಮಾರಿನದೋ ಯಾರಿಗೂ ಗೊತ್ತಿಲ್ಲ. ವರ್ಷಕ್ಕೊಂದು ಮನೆಯಂತೆ ಸರದಿಯಲ್ಲಿ ಅದನ್ನು ಇಟ್ಟುಕೊಂಡು ಹಬ್ಬಕ್ಕೆ ಗುಡಿಗೆ ಒಪ್ಪಿಸಬೇಕು. ಮೂವತ್ತೊಂದು ವರ್ಷದ ಮೇಲೆ ಸರದಿ ತಿರುಮಲೈಸಾಮಿಯ ಮನೆಗೆ ಬಂದಿತ್ತು. ಅದಕ್ಕೇನಾದರೂ ಆದರೆ ಆ ಮನೆಯವರನ್ನು ಕುಲದವರು ಮದುವೆಗೂ ಕರೆಯರು, ಸಾವಿಗೂ ಬಾರರು. ತಲೆ ಎತ್ತಿ ಬೀದಿಯಲ್ಲಿ ನಡೆಯುವುದು ಅಲ್ಲಿಗೆ ಮುಗಿಯಿತು.

ಮಧ್ಯಾಹ್ನ ಮೂರೂವರೆ. ಊಟ ಮಾಡಿದ ಬೀದಿ ನಿದ್ದೆಯಲ್ಲಿತ್ತು. ಗೇಟು ಕಿರ್ರೆಂದಿತು. ತಿರುಮಲೈಸಾಮಿ ಕಣ್ಣು ಬಿಟ್ಟು ನೋಡುತ್ತಾನೆ, ಬೇವಿನ ಮರದ ಮುದುಕಿ ಹೊಸ್ತಿಲ ಒಳಗೇ ನಿಂತಿದ್ದಾಳೆ. ಹೆಜ್ಜೆಯ ಸದ್ದು ಕೇಳಿರಲಿಲ್ಲ. ಕೈಯಲ್ಲಿ ಬೇವಿನ ಎಲೆಯ ಒಂದು ಕಡ್ಡಿ ಇತ್ತು. ಅವಳು ಕಣ್ಣು ಮಿಟುಕಿಸುತ್ತಿರಲಿಲ್ಲ.

ಮುಖ್ಯಸ್ಥನ ಕೈ ಸೀಟಿಗೆ ಹೋಯಿತು. “ಯಾ...” ಎಂದ.

“ತಿರುಮಾ,” ಎಂದಳು ಮುದುಕಿ. ಕನ್ನಡ. ಅವರ ಮನೆಯದೇ ಕನ್ನಡ, ಅದೇ ರಾಗ. ದನಿ ಎಷ್ಟು ಮೆತ್ತಗೆಂದರೆ ಮಗ್ಗ ನಿಂತ ದಿನವಲ್ಲದಿದ್ದರೆ ಕೇಳುವ ಹಾಗೇ ಇರಲಿಲ್ಲ. “ಅಪ್ಪನಿಗೆ ಇನ್ನೂ ದಾಹ ತೀರಿಲ್ಲ ಕಣಪ್ಪ. ನೀರು ಕೇಳ್ದ. ನಿಂಗೆ ಕೇಳ್ಸಲಿಲ್ಲ.”

ತಿರುಮಲೈಸಾಮಿಯ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಸೀಟಿಯ ಮೇಲಿದ್ದ ಕೈ ಕೆಳಗಿಳಿಯಿತು. ಅಡುಗೆಮನೆಯಿಂದ ಬಂದ ಕಲೈಸೆಲ್ವಿ ಬಾಗಿಲಲ್ಲೇ ನಿಂತಳು.

“ಯಾರಮ್ಮ ನೀವು?” ಎಂದಳು ಅವಳೇ. ಮುದುಕಿ ನಕ್ಕಳು. ಕಲೈಸೆಲ್ವಿ ಗಂಡನ ಪಕ್ಕಕ್ಕೆ ಬಂದು ಮೊಣಕೈ ತಿವಿದು ಪಿಸುಗುಟ್ಟಿದಳು, ಎಂದರೆ ಸಾಧಾರಣ ಜನ ಕೂಗುವಷ್ಟು ಗಟ್ಟಿಯಾಗಿ: “ನಮ್ ಮಾತುಂಗೊ! ನಮ್ಮೋರು! ನೀವು ಏನೂ ಕೇಳ್ಬೇಡಿ!”

ಮುದುಕಿ ಬಂದು ನೆಲದ ಮೇಲೆ ಕೂತಳು. ಬೇವಿನ ಕಡ್ಡಿಯನ್ನು ಮುಂದಿಟ್ಟಳು. “ಸೆಲ್ವಿ,” ಎಂದಳು. “ನಿನ್ ಒಡಹುಟ್ಟಿದೋನು ಪೊಳ್ಳಾಚೀಲಿ ನರಳ್ತಾವ್ನೆ. ಮರದಿಂದ ಬಿದ್ದ. ಎಡಗಾಲು.”

ಕಲೈಸೆಲ್ವಿ ಹಾ ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಬೆಳಗ್ಗೆ ತಾನು ಕೂಗಿದ ಸುಳ್ಳು ನಿಜವಾಗಿಬಿಟ್ಟಿತಲ್ಲ! ತನ್ನ ನಾಲಗೆಯಿಂದಲೇ ಅಣ್ಣನ ಕಾಲು ಮುರಿಯಿತಲ್ಲ! ಗಳಗಳ ಅಳುತ್ತಾ ಮುದುಕಿಯ ಕಾಲ ಬಳಿ ಕುಸಿದಳು. “ಏನ್ ಮಾಡ್ಬೇಕು ತಾಯಿ, ಹೇಳಿ!”

“ಅಮ್ಮ ಉಸಿರು ಕಟ್ಟಿ ಕೂತವ್ಳೆ. ಅಕ್ಕಿ ಡ್ರಮ್ಮಿನ ಹಿಂದೆ, ಕತ್ತಲಲ್ಲಿ. ಅಲ್ಲಿ ಇಡೋ ವಸ್ತುವಾ ಅದು? ಅರಿಶಿನದ ಬಟ್ಟೆ ಸುತ್ತಿ ನನ್ ಕೈಗೆ ಕೊಡು. ಮೂರು ದಾರಿ ಸೇರೋ ತಾವ ಗಾಳಿ ತೋರ್ಸಿ ತಂದ್ಬಿಡ್ತೀನಿ. ನಾನು ಬರೋ ತನಕ ಯಾರೂ ಬಾಗಿಲು ತೆಗೀಬೇಡಿ, ಮಾತಾಡ್ಬೇಡಿ. ಆಡಿದ್ರೆ ಬಲಗಾಲೂ ಹೋದೀತು.”

ಮಂಚದ ಮೇಲಿನ ಕಮಲಾತಾಳ್‌ಗೆ ಒಂದಕ್ಷರವೂ ಕೇಳಿಸಿರಲಿಲ್ಲ. ಆದರೂ ಹೊಸಬರು ಬಂದಿದ್ದಾರೆ, ಸೊಸೆ ಅಳುತ್ತಿದ್ದಾಳೆ ಎಂದರೆ ದೊಡ್ಡ ವಿಷಯವೇ ಇರಬೇಕೆಂದು ಕೈ ಮುಗಿದು ತಾನೂ ಅತ್ತಳು.

ಕಲೈಸೆಲ್ವಿ ಸ್ಟೂಲು ತಂದಳು. ಅಟ್ಟ ಹತ್ತಿದಳು. ತಿರುಮಲೈಸಾಮಿ ನಿಂತಲ್ಲೇ ನಿಂತಿದ್ದ. ಮುದುಕಿ ಅವನ ಕಡೆ ತಿರುಗಿ, “ಕೊಡ್ತೀಯಲ್ಲಪ್ಪ?” ಎಂದಳು. ಕೇಳುವುದೇನು, ಅವನ ಹಾಳು ತಲೆ ಮೇಲೆ ಕೆಳಗೆ ಆಡಿತು.

ತಲೆ ಹಾಗೆ ಆಡುತ್ತಿರುವಾಗಲೇ ಅದರೊಳಗೆ ಒಂದು ಯೋಚನೆಯೂ ಅಲುಗಾಡಿತು. ಎಡಗಾಲು. ಗೇಟಿಗೆ ಒದ್ದದ್ದು ಅದೇ ಎಡಗಾಲು, ಅವನು ಕಣ್ಣಾರೆ ಕಂಡದ್ದು. ಅದು ಮುರಿಯಿತು ಎನ್ನುವುದನ್ನು ಹುಟ್ಟಿಸಿದವಳು ಕಲೈಸೆಲ್ವಿ, ಇವತ್ತು ಬೆಳಗ್ಗೆ, ಅಡುಗೆಮನೆಯಲ್ಲಿ. ಚೌಡಮ್ಮ ನಿಜವಾಗಿ ಈ ಮುದುಕಿಯ ಬಾಯಲ್ಲಿ ಆಡಿದ್ದರೆ ಸುಳ್ಳನ್ನು ಯಾಕೆ ಆಡುತ್ತಿದ್ದಳು? ಮೊದಲು ಅಪ್ಪನ ನೀರು, ಆಮೇಲೆ ಎಡಗಾಲು, ಆಮೇಲೆ ಅಕ್ಕಿ ಡ್ರಮ್ಮು. ಬೆಳಗ್ಗೆ ಈ ಮನೆಯವರು ಕೂಗಿದ್ದು ಇದೇ ಕ್ರಮದಲ್ಲಿ. ಇವಳು ಬೇವಿನ ಮರದ ಕೆಳಗೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ!

ತಿಳಿದದ್ದೇನೋ ತಿಳಿಯಿತು. ಹೇಳುವುದು ಹೇಗೆ? ಬಾಯಿ ತೆರೆದ, ದನಿ ಹೊರಡಲಿಲ್ಲ. ಮೂರು ಪ್ರಶ್ನೆಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಎದುರಿಗೆ ಆ ಮಿಟುಕದ ಎರಡು ಕಣ್ಣು. ಅಷ್ಟರಲ್ಲಿ ಕಲೈಸೆಲ್ವಿ ಪೆಟ್ಟಿಗೆಯನ್ನು ಎದೆಗವಚಿಕೊಂಡು ಕೆಳಗಿಳಿದು, ಅರಿಶಿನದ ಬಟ್ಟೆ ಸುತ್ತಿ ಮುದುಕಿಯ ಕಡೆ ಹೆಜ್ಜೆ ಹಾಕಿದಳು. ಮುದುಕಿ ಎರಡೂ ಕೈ ಚಾಚಿದಳು.

ಬಾಯಿ ಕೈಕೊಟ್ಟಾಗ ಕೈ ಬಾಯಾಯಿತು. ತಿರುಮಲೈಸಾಮಿಯ ಬಲಗೈ ತಾನಾಗಿ ಎದ್ದು ಎರಡು ಬೆರಳನ್ನು ಕತ್ತರಿಯಂತೆ ಆಡಿಸಿತು.

ಎಳೆ ಕಡಿದಿದೆ. ಮಗ್ಗ ನಿಲ್ಲಿಸು.

ಇಪ್ಪತ್ತೆರಡು ವರ್ಷದಿಂದ ಆ ಸನ್ನೆಗೆ ಕಲೈಸೆಲ್ವಿ ನಿಲ್ಲದಿದ್ದ ದಿನವಿಲ್ಲ. ಈಗಲೂ ನಿಂತಳು. ಅಳುವೂ ಅರ್ಧಕ್ಕೇ ನಿಂತಿತು. ಅವನು ಹೆಬ್ಬೆರಳು ತೋರುಬೆರಳು ಉಜ್ಜಿ ಊದಿದ. ನೂಲು ಕಳಪೆ, ನಂಬಬೇಡ. ಆಮೇಲೆ ತನ್ನ ಎಡಗಾಲು ಮುಟ್ಟಿಕೊಂಡ, ಹೆಂಡತಿಯ ಬಾಯಿಯ ಕಡೆ ಬೆರಳು ತೋರಿಸಿದ, ಕಿಟಕಿಯಾಚೆ ಬೇವಿನ ಮರ ತೋರಿಸಿದ, ಕೊನೆಗೆ ತನ್ನ ಕಿವಿ ಹಿಡಿದುಕೊಂಡ. ಕಲೈಸೆಲ್ವಿಯ ಕಣ್ಣು ಬಾಯಿಯಿಂದ ಮರಕ್ಕೆ, ಮರದಿಂದ ಮುದುಕಿಗೆ ಹೋಗಿ ಬಂತು. ಪೆಟ್ಟಿಗೆಯನ್ನು ಅವಳು ಬಿಗಿಯಾಗಿ ತನ್ನ ಎದೆಗೆ ಒತ್ತಿಕೊಂಡಳು.

ಮುದುಕಿ ಎದ್ದು ನಿಂತಳು. ನಗು ಹೋಗಿತ್ತು. ಕೈಗಳು ಮಾತ್ರ ಚಾಚಿದ ಹಾಗೇ ಇದ್ದವು. “ಕೊಡು ಮಗಳೇ,” ಎಂದು ಇನ್ನೂ ಮೆತ್ತಗೆ, ಇನ್ನೂ ಹತ್ತಿರ ಬಂದಳು. “ಅಮ್ಮ ಕೇಳ್ತಾವ್ಳೆ. ಕೊಡ್ಲಿಲ್ಲ ಅಂದ್ರೆ...”

ಕೊಡಲಿಲ್ಲವೆಂದರೆ ಏನೆಂಬುದು ಯಾರಿಗೂ ತಿಳಿಯಲಿಲ್ಲ. ಐದಕ್ಕೆ ಬರಬೇಕಾದ ಕರೆಂಟು ಮೂರು ಐವತ್ತಕ್ಕೇ ಬಂದುಬಿಟ್ಟಿತು. ಪಕ್ಕದ ಶೆಡ್ಡಿನಲ್ಲಿ ಕಾದು ಕೂತಿದ್ದವರು ಒಂದು ಮಗ್ಗ ಹಾಕಿದರು, ಅದರಾಚೆ ಎರಡು, ನಾಲ್ಕು, ಹತ್ತು. ಖಟಕ್ ಖಟಕ್ ಎಂದು ಬೀದಿ ಪೂರ್ತಿ ಎದ್ದು ಕೂಗಿತು. ಗೋಡೆ ನಡುಗಿತು, ತಟ್ಟೆ ಲೋಟ ನಡುಗಿದವು. ಮುದುಕಿಯ ತುಟಿ ಆಡುತ್ತಲೇ ಇತ್ತು, ದನಿ ಮಾತ್ರ ಎಲ್ಲೋ ಮುಳುಗಿ ಹೋಯಿತು. ಈಗ ಅಲ್ಲಿ ನಿಂತಿದ್ದದ್ದು ಬಾಯಿ ಆಡಿಸುವ ಒಂದು ಒಣಕಲು ಮುದುಕಿ, ಅಷ್ಟೇ.

ಆ ಸದ್ದು ಕಿವಿಗೆ ಬಿದ್ದದ್ದೇ ತಿರುಮಲೈಸಾಮಿಗೆ ಜೀವ ಬಂತು. ಅವನು ಹುಟ್ಟಿದ್ದು ಅದೇ ಸದ್ದಿನಲ್ಲಿ. ಮುಂದೆ ಹೋಗಿ ಹೆಂಡತಿಗೂ ಮುದುಕಿಗೂ ನಡುವೆ ನಿಂತ. ಕಣ್ಣಲ್ಲಿ ಕಣ್ಣಿಟ್ಟ.

“ಆಗೋದಿಲ್ಲ!” ಎಂದ.

ಯಾರಿಗೂ ಕೇಳಿಸಲಿಲ್ಲ, ಅವನಿಗೂ ಕೇಳಿಸಲಿಲ್ಲ. ಆದರೆ ಬಹಳ ರುಚಿಯಾಗಿತ್ತು. ಮತ್ತೊಮ್ಮೆ ಎಂದ. “ಕೊಡೋದಿಲ್ಲ! ಆಗೋದಿಲ್ಲ! ನಡಿ ಆಚೆ!” ಸೀಟಿ ತೆಗೆದು ಕೆನ್ನೆ ಉಬ್ಬಿಸಿ ಊದಿದ. ಅದೂ ಕೇಳಿಸಲಿಲ್ಲ. ಮುದುಕಿ ಹಿಂದೆ ಹಿಂದೆ ಹೆಜ್ಜೆ ಇಟ್ಟಳು, ಅವನು ಮುಂದೆ ಮುಂದೆ ಊದಿದ. ಹೊಸ್ತಿಲು ದಾಟಿದ್ದಾಯಿತು, ಗೇಟು ದಾಟಿದ್ದಾಯಿತು. ಕಮಲಾತಾಳ್ ಮಂಚದ ಮೇಲಿಂದ ಇನ್ನೂ ಕೈ ಮುಗಿದುಕೊಂಡೇ ಇದ್ದಳು.

ಗೇಟಿನಲ್ಲಿ ನಿಂತು ಅವನು ನೋಡುತ್ತಿದ್ದ. ಮುದುಕಿ ಅವಸರವಿಲ್ಲದೆ ಬೀದಿಯ ತಿರುವಿನವರೆಗೆ ಹೋದಳು. ಅಲ್ಲಿ ನಿಂತಳು. ತಿರುಗಿದಳು. ಇಷ್ಟು ದೂರದಿಂದಲೂ ಆ ಕಣ್ಣು ಅವನ ಮೇಲೇ ಇತ್ತು. ಬಲಗೈ ಎತ್ತಿ ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದಳು. ಆಮೇಲೆ ಎರಡು ಮುಷ್ಟಿಯನ್ನೂ ಸೇರಿಸಿ ನಿಧಾನವಾಗಿ ತಿರುಗಿಸಿದಳು. ಗಂಟು ಹಾಕಿಕೊಂಡು ಮತ್ತೆ ಬರ್ತೀನಿ.

ತಿರುಮಲೈಸಾಮಿಯ ಬಾಯಿಂದ ಸೀಟಿ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಂಡು ನೋಡುವಷ್ಟರಲ್ಲಿ ತಿರುವಿನಲ್ಲಿ ಯಾರೂ ಇರಲಿಲ್ಲ.

ಮನೆಯೊಳಗೆ ಕಲೈಸೆಲ್ವಿ ಪೊಳ್ಳಾಚಿಗೆ ಫೋನು ಹಚ್ಚಿ, ಒಂದು ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದಳು: “ಅಣ್ಣಾ! ನಿನ್ ಎಡಗಾಲು ಚೆನ್ನಾಗೈತಾ?” ಅತ್ತ ಕಡೆಯಿಂದ ಚೆನ್ನಕೇಶವನ್ ಕೂಗಿದ್ದು ಮಗ್ಗದ ಸದ್ದನ್ನೂ ಮೀರಿ ಕೇಳಿಸಿತು: “ಕಾಲಿಗೂ ಆಧಾರ್ ಬೇಕಂತಾ ನಿನ್ ಗಂಡನಿಗೆ?” ಅವಳು ನಗುತ್ತಾ ಅಳುತ್ತಾ ಫೋನಿಟ್ಟು, ಗಂಡನ ತಟ್ಟೆಗೆ ಮೂರು ದೋಸೆ ಒಟ್ಟಿಗೆ ಹಾಕಿದಳು.

ಮರುದಿನ ಸುದ್ದಿ ತಿಳಿದು ಸಬ್ ಇನ್ಸ್‌ಪೆಕ್ಟರ್ ಶಕ್ತಿವೇಲ್ ಬಂದರು. ಬೀದಿಯೆಲ್ಲ ಸೇರಿತು. ಅವರು ತಿರುಮಲೈಸಾಮಿಯ ಬೆನ್ನು ತಟ್ಟಿ, “ನಾನು ಹೇಳಿರಲಿಲ್ಲವಾ!” ಎಂದು ಎಲ್ಲರ ಕಡೆ ನೋಡಿದರು. ಆಮೇಲೆ ಪುಸ್ತಕ ತೆಗೆದು ಪೆನ್ನು ಹಿಡಿದರು.

“ಹೇಳಿ. ಆ ಹೆಂಗಸು ಯಾರು?”

ತಿರುಮಲೈಸಾಮಿ ಬೀದಿಯ ತಿರುವಿನ ಕಡೆ ನೋಡಿದ.

“ಯಾಕೆ ಬಂದದ್ದು ಗೊತ್ತಾಯಿತು. ಎಲ್ಲಿಂದ ಬಂದವಳು? ಮೂರು ಪ್ರಶ್ನೆ ಕೇಳಿದಿರಿ ತಾನೆ?”

ಮುಖ್ಯಸ್ಥ ಕಾರ್ಡನ್ನು ಬೆರಳಲ್ಲಿ ತಿರುಗಿಸಿದ. ಎದುರಿನ ಶೆಡ್ಡಿನಲ್ಲಿ ಹೆಂಗಸರು ಮಗ್ಗದ ಪಕ್ಕ ನಿಂತು ಒಬ್ಬರಿಗೊಬ್ಬರು ಕೈಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು. ಒಬ್ಬಳು ಎರಡು ಮುಷ್ಟಿ ಸೇರಿಸಿ ತಿರುಗಿಸಿದಳು. ಈ ಸುತ್ತಿನ ಹತ್ತು ಹಳ್ಳಿಯ ಶೆಡ್ಡುಗಳಲ್ಲಿ ನಿಂತು ನೇಯ್ದವರಿಗಲ್ಲದೆ ಬೇರೆ ಯಾರಿಗೂ ಬಾರದ ಸನ್ನೆ ಅದು.

“ಎಲ್ಲಿಯವಳು ಅಂತ ಕೇಳಿದೆ,” ಎಂದರು ಶಕ್ತಿವೇಲ್.

ತಿರುಮಲೈಸಾಮಿ ತನ್ನ ಜನ್ಮದಲ್ಲೇ ಮೊದಲ ಸಲ ಬಹಳ ಮೆತ್ತಗೆ, ಪಕ್ಕದವರಿಗೂ ಕೇಳಿಸದ ಹಾಗೆ ಹೇಳಿದ.

“ನಮ್ಮೋರೇ ಸಾರ್.”